ಬಳ್ಳಾರಿ ಬಿಸಿಲಲ್ಲಿ ಎಲ್‌ಪಿವಿ ಅಪ್ರೋಚ್: ಇಳಿಜಾರಿಗೊಂದು ಅಳತೆ, ಮಿನಿಮಾಗೆ ಇನ್ನೊಂದು

ಏಪ್ರಿಲ್ ಕೊನೆ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲಿ. ಈ ಬಿಸಿಲು ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರಿನ ಲೆಕ್ಕ ತಪ್ಪಿಸುತ್ತದೆ. ಉಪಗ್ರಹದ ಲೆಕ್ಕದಿಂದ ಬರುವ ಇಳಿಜಾರನ್ನು ಮಾತ್ರ ಮುಟ್ಟುವುದಿಲ್ಲ. ಉಪಗ್ರಹದ ಮಾರ್ಗದರ್ಶನದಲ್ಲಿ ಅಡ್ಡಕ್ಕೂ ಎತ್ತರಕ್ಕೂ ಗೆರೆ ಹಿಡಿದು ರನ್‌ವೇಗೆ ಇಳಿಯುವ ಎಲ್‌ಪಿವಿ ಅಪ್ರೋಚಿನಲ್ಲಿ ಇವೆರಡೂ ಒಂದೇ ಪ್ಯಾನೆಲ್ ಮೇಲೆ ಅಕ್ಕಪಕ್ಕ ಕೂತಿರುತ್ತವೆ. ಇಳಿಜಾರು ತೋರಿಸುವ ಗ್ಲೈಡ್‌ಪಾತ್ ಸೂಜಿ ಉಪಗ್ರಹದ ಅಳತೆಯಲ್ಲಿ ನಡೆಯುತ್ತದೆ, ರನ್‌ವೇ ಕಾಣದಿದ್ದರೆ ಇಳಿಯುವುದನ್ನು ಬಿಡಬೇಕಾದ ಕನಿಷ್ಠ ಎತ್ತರ (ಮಿನಿಮಾ), ಡಿಸಿಷನ್ ಆಲ್ಟಿಟ್ಯೂಡ್, ಅಂದರೆ ಡಿಎ, ಗಾಳಿಯ ಒತ್ತಡದ ಅಳತೆಯಲ್ಲಿ ಬರುತ್ತದೆ. ಯಾವ ಅಂಕಿ ಯಾವ ಅಳತೆಯದು ಎಂಬುದು ತಲೆಯಲ್ಲಿ ಸ್ಪಷ್ಟವಿಲ್ಲದಿದ್ದರೆ, ಎಲ್ಲ ಸರಿಯಿದ್ದಾಗ ಗಾಬರಿ ಆಗುತ್ತದೆ, ಗಾಬರಿ ಆಗಬೇಕಾದಾಗ ಎಲ್ಲ ಸರಿಯಿದೆ ಅನಿಸುತ್ತದೆ. ಉಪಕರಣಗಳನ್ನೇ ನೋಡಿ ಹಾರುವ ಪರವಾನಗಿ, ಅಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಓದುತ್ತಿರುವ ನಮ್ಮ ಭಾಗದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಸಿಗ್ನಲ್ ಎಲ್ಲಿಂದ ಬರುತ್ತದೆ ಎಂಬುದು. ಜಿಪಿಎಸ್ ಒಂದನ್ನೇ ನಂಬಿ ಇಳಿಜಾರಿನಲ್ಲಿ ಇಳಿಯಲಾಗದು. ಅದರ ಎತ್ತರದ ಲೆಕ್ಕ ಅಕ್ಕಪಕ್ಕದ ಲೆಕ್ಕಕ್ಕಿಂತ ಯಾವಾಗಲೂ ಸಡಿಲ, ಉಪಗ್ರಹ ಕೆಟ್ಟರೆ ತಕ್ಷಣ ಹೇಳುವವರೂ ಇಲ್ಲ. ಆ ಕೊರತೆ ತುಂಬುವುದು ಗಗನ್. ವಿಮಾನ ನಿಲ್ದಾಣಗಳ ಪ್ರಾಧಿಕಾರ ಮತ್ತು ಇಸ್ರೋ ಸೇರಿ ಕಟ್ಟಿದ ವ್ಯವಸ್ಥೆ ಇದು. ದೇಶದಾದ್ಯಂತ 15 ರೆಫರೆನ್ಸ್ ಸ್ಟೇಷನ್‌ಗಳು ಜಿಪಿಎಸ್ ಸಿಗ್ನಲನ್ನು ಅಳೆಯುತ್ತವೆ. ತಮ್ಮ ನಿಜವಾದ ಜಾಗ ಅವಕ್ಕೆ ಮೊದಲೇ ಗೊತ್ತಿರುವುದರಿಂದ ತಪ್ಪು ಎಷ್ಟೆಂದು ತಿಳಿಯುತ್ತದೆ. ಬೆಂಗಳೂರಿನ ಮಾಸ್ಟರ್ ಕಂಟ್ರೋಲ್ ಸೆಂಟರ್ ಆ ತಿದ್ದುಪಡಿಗಳನ್ನು ಲೆಕ್ಕ ಹಾಕುತ್ತದೆ, ಭೂಸ್ಥಿರ ಉಪಗ್ರಹ ಅದನ್ನು ಜಿಪಿಎಸ್‌ನದೇ 1575.42 ಮೆಗಾಹರ್ಟ್ಸ್ ತರಂಗದಲ್ಲಿ ವಾಪಸ್ ಕಳಿಸುತ್ತದೆ. 2013ರ ಡಿಸೆಂಬರ್‌ನಲ್ಲಿ ಮಾರ್ಗದ ಹಾರಾಟಕ್ಕೆ, 2015ರ ಏಪ್ರಿಲ್‌ನಲ್ಲಿ ಎಲ್‌ಪಿವಿಗೆ ಬೇಕಾದ ಎಪಿವಿ-1 ದರ್ಜೆಯ ಅಪ್ರೋಚಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಇದನ್ನು ಪ್ರಮಾಣೀಕರಿಸಿತು. ದೇಶದಲ್ಲಿ ಪ್ರಯಾಣಿಕ ವಿಮಾನವೊಂದು ಇದರ ನೆರವಿನಿಂದ ಮೊದಲು ಇಳಿದದ್ದು 2022ರ ಏಪ್ರಿಲ್‌ನಲ್ಲಿ, ರಾಜಸ್ಥಾನದ ಕಿಶನ್‌ಗಢದಲ್ಲಿ. ಅದು ಎಟಿಆರ್ ವಿಮಾನ. ತೋರಣಗಲ್ಲಿನ ವಿದ್ಯಾನಗರಕ್ಕೆ ಉಡಾನ್ ಯೋಜನೆಯಲ್ಲಿ ಬಂದದ್ದೂ ಎಟಿಆರ್‌ಗಳೇ. ರನ್‌ವೇ ಪಕ್ಕ ಐಎಲ್‌ಎಸ್ (ನೆಲದಿಂದ ರೇಡಿಯೋ ಮೂಲಕ ಇಳಿಜಾರು ತೋರಿಸುವ ವ್ಯವಸ್ಥೆ) ಆಂಟೆನಾ ನೆಡದೆ, ಅದರ ನಿರ್ವಹಣೆಗೆ ಜನ ಇಡದೆ ಇಳಿಜಾರಿನ ಮಾರ್ಗದರ್ಶನ ಸಿಗುವುದೆಂದರೆ ಸಣ್ಣ ಊರುಗಳ ನಿಲ್ದಾಣಗಳಿಗೆ ಅದು ದೊಡ್ಡ ಮಾತು.

ನಮ್ಮ ಜಾಗದಿಂದ ನೋಡಿದರೆ ಆಕಾಶ ಅನುಕೂಲವಾಗಿಯೇ ಇದೆ. 83 ಡಿಗ್ರಿ ಪೂರ್ವದಲ್ಲಿ ನಿಂತು ಗಗನ್ ಸಂದೇಶ ಕಳಿಸುವ ಜಿಸ್ಯಾಟ್-10 ಬಳ್ಳಾರಿಗೆ ದಿಗಂತದಿಂದ ಸುಮಾರು 70 ಡಿಗ್ರಿ ಮೇಲೆ ಕಾಣುತ್ತದೆ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಸಂಡೂರಿನ ಗುಡ್ಡ ಅಡ್ಡ ಬರುವ ಮಾತೇ ಇಲ್ಲ, ವಿಮಾನ ವಾಲಿದಾಗ ರೆಕ್ಕೆ ಮರೆ ಮಾಡುವ ಸಂಭವವೂ ಕಡಿಮೆ.

ತೊಂದರೆ ಬರುವುದು ಅಯಾನುಗೋಳದಿಂದ (ವಾತಾವರಣದ ಮೇಲಿನ, ವಿದ್ಯುತ್ ಕಣಗಳಿರುವ ಪದರ), ಅದೂ ಸಂಜೆಯ ಮೇಲೆ. ಗಗನ್ ಕಳಿಸುವ ಅಯಾನುಗೋಳದ ತಿದ್ದುಪಡಿ 350 ಕಿಲೋಮೀಟರ್ ಎತ್ತರದಲ್ಲಿ ಹಾಸಿದ ಒಂದು ಬಲೆಯಂತಿದೆ, ಐದು ಡಿಗ್ರಿಗೊಂದು ಗಂಟು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಒಂದೇ ಕಣ್ಣಿನೊಳಗೆ ಬರುತ್ತವೆ: 15ರಿಂದ 20 ಡಿಗ್ರಿ ಉತ್ತರ, 75ರಿಂದ 80 ಡಿಗ್ರಿ ಪೂರ್ವ. ರಿಸೀವರ್ ನಾಲ್ಕು ಗಂಟುಗಳ ಅಂಕಿ ತೆಗೆದುಕೊಂಡು ನಡುವಿನ ಬೆಲೆ ಅಂದಾಜಿಸುತ್ತದೆ. ಗಂಟಿನಿಂದ ಗಂಟಿಗೆ ಬದಲಾವಣೆ ನಿಧಾನವಾಗಿದ್ದರೆ ಈ ಅಂದಾಜು ಚೆನ್ನಾಗಿ ಕೂರುತ್ತದೆ. ಭೂಕಾಂತೀಯ ಸಮಭಾಜಕ ಹಾದು ಹೋಗುವುದು ದಕ್ಷಿಣ ಭಾರತದ ತುದಿಯ ಹತ್ತಿರ. ಅಲ್ಲಿ ಸೂರ್ಯ ಮುಳುಗಿದ ಮೇಲೆ ಪ್ಲಾಸ್ಮಾದಲ್ಲಿ ಗುಳ್ಳೆಗಳೇಳುತ್ತವೆ, ಕಾಂತರೇಖೆಗಳ ಗುಂಟ ಉತ್ತರಕ್ಕೂ ಹಬ್ಬುತ್ತವೆ. ಆ ಗುಳ್ಳೆಗಳ ಮೂಲಕ ಬರುವ ಸಿಗ್ನಲ್ ಮಿನುಗುತ್ತದೆ, ಕೆಲವು ಉಪಗ್ರಹಗಳ ಹಿಡಿತವೇ ತಪ್ಪುತ್ತದೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಸೂರ್ಯನ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ, ಸಂಜೆಯಿಂದ ಮಧ್ಯರಾತ್ರಿಯವರೆಗೆ ಇದು ಜೋರು. ಹಾಗಾಗಿ ಇಲ್ಲಿ ರಾತ್ರಿ ಎಂಟು ಗಂಟೆಗೆ ಎಲ್‌ಪಿವಿ ಹಾರುವ ಯೋಜನೆ ಹಾಕುವವರು, ಅದು ಸಿಗದೇ ಹೋಗಬಹುದು ಎಂದುಕೊಂಡೇ ಇಂಧನ ಹಾಕಿಸಬೇಕು. ಐಎಲ್‌ಎಸ್ ಇರುವ ಹೈದರಾಬಾದನ್ನೋ ಬೆಂಗಳೂರನ್ನೋ ಆಲ್ಟರ್ನೇಟ್ (ಬದಲಿ ನಿಲ್ದಾಣ) ಹಾಕಿದರೆ ಎರಡೂ ಹತ್ತಿರದವಲ್ಲ ಎಂಬುದೂ ಲೆಕ್ಕದಲ್ಲಿರಲಿ.

ಸಿಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ರಿಸೀವರೇ. ತನ್ನ ತಪ್ಪು ಹೆಚ್ಚೆಂದರೆ ಎಷ್ಟಿರಬಹುದು ಎಂಬ ಮಿತಿಯನ್ನು ಅದು ಪ್ರತಿ ಕ್ಷಣ ಲೆಕ್ಕ ಹಾಕುತ್ತಿರುತ್ತದೆ. ಎಪಿವಿ-1ರಲ್ಲಿ ಆ ಮಿತಿ ಅಡ್ಡಕ್ಕೆ 40 ಮೀಟರ್, ಎತ್ತರಕ್ಕೆ 50 ಮೀಟರ್ ದಾಟಬಾರದು. ದಾಟಿದರೆ ಹೆಚ್ಚೆಂದರೆ 10 ಸೆಕೆಂಡಿನೊಳಗೆ ಎಚ್ಚರಿಕೆ ಬರಬೇಕು. 50 ಮೀಟರ್ ಅಂದರೆ ತಪ್ಪು ಅಷ್ಟಿದೆ ಎಂದಲ್ಲ. ಸಾಮಾನ್ಯ ದಿನ ನಿಜವಾದ ತಪ್ಪು ಕೆಲವೇ ಮೀಟರ್. ಅದಕ್ಕಿಂತ ಕೆಟ್ಟದ್ದಿಲ್ಲ ಎಂದು ರಿಸೀವರ್ ಭರವಸೆ ಕೊಡಬಲ್ಲ ಗಡಿ ಅದು. ಮಿನುಗುವ ರಾತ್ರಿಗಳಲ್ಲಿ ಮೊದಲು ಹೋಗುವುದು ಎತ್ತರದ ಭರವಸೆ, ಅಡ್ಡದ್ದು ಆಮೇಲೆ. ಹಾಗಾಗಿ ಎಲ್‌ಪಿವಿ ಕಳೆದುಹೋದರೂ ಅಡ್ಡದ ಮಾರ್ಗದರ್ಶನ ಮಾತ್ರ ಕೊಡುವ ಎಲ್‌ನ್ಯಾವ್ ಉಳಿಯುವುದೇ ಹೆಚ್ಚು.

ಇನ್ನು ಪ್ಯಾನೆಲ್ ಮೇಲಿನ ಅಕ್ಷರಗಳು. ಅಂತಿಮ ಇಳಿಕೆ ಶುರುವಾಗುವ ಬಿಂದು, ಅಂದರೆ ಎಫ್‌ಎಎಫ್, ತಲುಪುವ ಮುಂಚೆ ಪ್ಯಾನೆಲ್ ಮೇಲೆ ಎಲ್‌ಪಿವಿ ಎಂದು ಬಂದಿರಬೇಕು. ಬಂದಿಲ್ಲವಾದರೆ ನಿಮ್ಮದು ಎಲ್‌ಪಿವಿ ಅಪ್ರೋಚ್ ಅಲ್ಲ, ಚಾರ್ಟಿನಲ್ಲಿ ಎಲ್‌ಪಿವಿ ಸಾಲು ಎಷ್ಟೇ ದೊಡ್ಡದಾಗಿ ಅಚ್ಚಾಗಿರಲಿ. ಹಲವು ರಿಸೀವರ್‌ಗಳು ಎಫ್‌ಎಎಫ್‌ಗೆ ಸುಮಾರು ಒಂದು ನಿಮಿಷ ಮುಂಚೆ ಮಿತಿಯನ್ನು ಕೊನೆಯ ಸಲ ಪರೀಕ್ಷಿಸಿ, ಸಾಲದಿದ್ದರೆ ಡೌನ್‌ಗ್ರೇಡ್ ಸಂದೇಶ ಕೊಡುತ್ತವೆ. ಆಗ ಗ್ಲೈಡ್‌ಪಾತ್ ಸೂಜಿ ಮಾಯವಾಗುತ್ತದೆ, ಎಲ್‌ನ್ಯಾವ್ ಮಿನಿಮಾ, ಅಂದರೆ ರನ್‌ವೇ ಕಾಣದೆ ಕೆಳಗಿಳಿಯಬಾರದ ಎಂಡಿಎ ಎತ್ತರ, ಬಳಸಬೇಕಾಗುತ್ತದೆ. ಆ ಒಂದು ನಿಮಿಷದಲ್ಲಿ ಚಾರ್ಟ್ ತಿರುವಿಹಾಕಿ ಎಂಡಿಎ ಹುಡುಕುವುದು ಬೇಡ. ಬ್ರೀಫಿಂಗ್‌ನಲ್ಲೇ ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಎಫ್‌ಎಎಫ್ ದಾಟಿದ ಮೇಲೆ ಮಾರ್ಗದರ್ಶನ ಕೈಕೊಟ್ಟರೆ ಚರ್ಚೆಯಿಲ್ಲ, ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು.

ಇಲ್ಲೊಂದು ಅಕ್ಷರದ ಬಗ್ಗೆ ಒತ್ತಿ ಹೇಳಬೇಕು. ಕೆಲವು ಅಪ್ರೋಚ್‌ಗಳಲ್ಲಿ ಎಲ್‌ನ್ಯಾವ್ ಪ್ಲಸ್ ವಿ ಎಂದು ತೋರಿಸುತ್ತದೆ. ಸೂಜಿ ನೋಡಲು ಎಲ್‌ಪಿವಿಯ ಸೂಜಿಯಂತೆಯೇ ಇರುತ್ತದೆ, ಆಟೋಪೈಲಟ್ ಕೂಡ ಅದನ್ನು ಹಿಡಿದು ಇಳಿಯುತ್ತದೆ. ಆದರೆ ಅದು ಬರೀ ಸಲಹೆ. ಎಂಡಿಎ ಕೆಳಗೆ ಆ ಗೆರೆಯ ಮೇಲೆ ಮರವಿದೆಯೋ ಚಿಮಣಿಯಿದೆಯೋ ಯಾರೂ ಅಳೆದಿಲ್ಲ. ಸ್ಟೀಲ್ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರಗಳ ಚಿಮಣಿ ಎದ್ದಿರುವ ನಮ್ಮಂಥ ಕಡೆ ಈ ಮಾತು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಸೂಜಿ ನಡುವಿನಲ್ಲೇ ಇದ್ದರೂ ಎಂಡಿಎಯಲ್ಲಿ ರನ್‌ವೇ ಕಾಣದಿದ್ದರೆ ಇಳಿಯುವುದು ನಿಲ್ಲಬೇಕು.

ಈಗ ಬಿಸಿಲಿನ ಲೆಕ್ಕ. ಒಂದು ರನ್‌ವೇ ಊಹಿಸಿಕೊಳ್ಳೋಣ. ಯಾವ ನಿಜವಾದ ಚಾರ್ಟೂ ಅಲ್ಲ, ನಮ್ಮ ಬಯಲಿಗೆ ಹೊಂದುವ ಅಂಕಿಗಳು ಅಷ್ಟೇ. ಥ್ರೆಶೋಲ್ಡ್ (ರನ್‌ವೇ ಶುರುವಾಗುವ ಅಂಚು) ಎತ್ತರ 1,600 ಅಡಿ, ಇಳಿಜಾರು 3 ಡಿಗ್ರಿ, ಥ್ರೆಶೋಲ್ಡ್ ಮೇಲೆ 50 ಅಡಿಯಲ್ಲಿ ದಾಟುತ್ತದೆ. ಎಫ್‌ಎಎಫ್ 4.9 ನಾಟಿಕಲ್ ಮೈಲಿ ದೂರದಲ್ಲಿ, ಅಲ್ಲಿನ ಚಾರ್ಟ್ ಎತ್ತರ 3,200 ಅಡಿ. ಡಿಎ 1,850, ಅಂದರೆ ಥ್ರೆಶೋಲ್ಡ್‌ನಿಂದ 250 ಅಡಿ. ನೆಲದ ಉಷ್ಣಾಂಶ 42 ಡಿಗ್ರಿ.

ಆಲ್ಟಿಮೀಟರ್ ಗಾಳಿಯನ್ನು ತೂಗಿ ಎತ್ತರ ಹೇಳುವ ಉಪಕರಣ. 1,600 ಅಡಿಯಲ್ಲಿ ಗಾಳಿ 12 ಡಿಗ್ರಿ ಇರಬೇಕೆಂದು ಅದರ ಎಣಿಕೆ. ಇಲ್ಲಿ 30 ಡಿಗ್ರಿ ಹೆಚ್ಚಿದೆ. ಕಾದ ಗಾಳಿ ಹಿಗ್ಗಿರುತ್ತದೆ, ಅಷ್ಟೇ ಒತ್ತಡದ ವ್ಯತ್ಯಾಸಕ್ಕೆ ಹೆಚ್ಚು ಎತ್ತರ ಏರಬೇಕಾಗುತ್ತದೆ. ಕೆಲ್ವಿನ್‌ನಲ್ಲಿ 315ನ್ನು 285ರಿಂದ ಭಾಗಿಸಿದರೆ 1.105. ಆಲ್ಟಿಮೀಟರ್ 3,200, ಅಂದರೆ ನೆಲದಿಂದ 1,600 ಅಡಿ ಎಂದಾಗ ನೆಲದಿಂದ ನೀವು ನಿಜಕ್ಕೂ ಇರುವುದು ಸುಮಾರು 1,770 ಅಡಿಯಲ್ಲಿ. ಆಲ್ಟಿಮೀಟರಿಗೆ ಕೂರಿಸುವ ಸಮುದ್ರಮಟ್ಟದ ಒತ್ತಡ, ಅಂದರೆ ಕ್ಯೂಎನ್‌ಎಚ್, ಸರಿಯಾಗಿಯೇ ಇದೆ, ಉಪಕರಣ ಸರಿಯಾಗಿಯೇ ಇದೆ, ಆದರೂ 170 ಅಡಿ ವ್ಯತ್ಯಾಸ.

ಎಲ್‌ಪಿವಿ ಇಳಿಜಾರು ನೆಲಕ್ಕೆ ಗೂಟ ಹೊಡೆದು ಕಟ್ಟಿದ ಹಗ್ಗದಂತೆ, ಬಿಸಿಲಿಗೆ ಅಲ್ಲಾಡುವುದಿಲ್ಲ. ಆದ್ದರಿಂದ 3,200 ತೋರಿಸುತ್ತ ಸಮತಟ್ಟಾಗಿ ಬರುವ ವಿಮಾನಕ್ಕೆ ಈ ಹಗ್ಗ ಎಫ್‌ಎಎಫ್‌ಗಿಂತ ಅರ್ಧ ಮೈಲಿ ಮುಂಚೆಯೇ ಸಿಗುತ್ತದೆ, 5.4 ಮೈಲಿಯಲ್ಲಿ. ಅದನ್ನು ಹಿಡಿದು ಇಳಿದು ಎಫ್‌ಎಎಫ್ ಮೇಲೆ ಹಾದಾಗ ಆಲ್ಟಿಮೀಟರ್ 3,050ರ ಆಸುಪಾಸು ತೋರಿಸುತ್ತದೆ. ಚಾರ್ಟ್ ಹೇಳಿದ್ದು 3,200. ಇದು ಗೊತ್ತಿಲ್ಲದವರು ಇಲ್ಲಿ ಇಳಿಜಾರೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಗೊತ್ತಿದ್ದವರಿಗೆ ಇದೇ ಒಂದು ಒಳ್ಳೆಯ ತಪಾಸಣೆ: 42 ಡಿಗ್ರಿಯಲ್ಲಿ, ಸೂಜಿ ನಡುವಿನಲ್ಲಿರುವಾಗ, ಎಫ್‌ಎಎಫ್ ಮೇಲೆ ಆಲ್ಟಿಮೀಟರ್ ಸರಿಯಾಗಿ 3,200 ತೋರಿಸಿದರೆ ಆಗ ಅನುಮಾನ ಪಡಬೇಕು. ಕ್ಯೂಎನ್‌ಎಚ್ ನಾಲ್ಕೈದು ಹೆಕ್ಟೋಪಾಸ್ಕಲ್ ಹೆಚ್ಚು ಕೂತಿರಬಹುದು.

ಇನ್ನೂ ಮೇಲಿಂದ ಇಳಿಜಾರು ಹಿಡಿದರೆ ವ್ಯತ್ಯಾಸ ದೊಡ್ಡದಾಗುತ್ತದೆ. 7.5 ಮೈಲಿಯಲ್ಲಿ 4,000 ಅಡಿಗಿಂತ ಕೆಳಗೆ ಬರಬಾರದೆಂಬ ಸ್ಟೆಪ್‌ಡೌನ್ ಇದೆ ಎನ್ನಿ. ಇಳಿಜಾರು ಅಲ್ಲಿ 4,000ಕ್ಕಿಂತ ಮೇಲೇ ಹಾದಿದೆ, ಕಾಗದದ ಮೇಲೆ ಹೊಂದಿಕೆ ಇದೆ. ಬಿಸಿಲಲ್ಲಿ ಮಾತ್ರ ಆಲ್ಟಿಮೀಟರ್ ಅಲ್ಲಿ 3,800ರಿಂದ 3,850 ತೋರಿಸುತ್ತದೆ. ಗುಡ್ಡಕ್ಕೆ ತಗಲುವ ಭಯವಿಲ್ಲ, ನಿಜದ ಎತ್ತರ ಸಾಕಷ್ಟಿದೆ. ಆದರೆ ಸ್ಟೆಪ್‌ಡೌನ್ ಎತ್ತರ ಆಲ್ಟಿಮೀಟರಿನ ಭಾಷೆಯದು, ಕೆಳಗೆ ಹಾಯುವ ಇನ್ನೊಂದು ವಿಮಾನವೂ ಕಂಟ್ರೋಲರೂ ಅದೇ ಭಾಷೆ ಓದುತ್ತಾರೆ. ಆದ್ದರಿಂದ ಆ ಫಿಕ್ಸ್ ದಾಟುವವರೆಗೆ ಎತ್ತರ ಹಿಡಿದಿಟ್ಟು, ಆಮೇಲೆ ಇಳಿಜಾರು ಸೇರಿಕೊಳ್ಳಿ. ಅಪ್ರೋಚ್ ಮೋಡ್ ತೀರ ಮುಂಚೆ ಆರ್ಮ್ ಮಾಡಿಟ್ಟರೆ ಆಟೋಪೈಲಟ್ ನಿಮ್ಮನ್ನು ಕೇಳದೆ ಇಳಿಯಲು ಶುರು ಮಾಡುತ್ತದೆ.

ಬ್ಯಾರೋ-ವಿನ್ಯಾವ್ ಎಂಬ ಇನ್ನೊಂದು ಬಗೆಯ ಅಪ್ರೋಚಿನಲ್ಲಿ ಇದು ತಿರುಗಾಮುರುಗಾ. ಅಲ್ಲಿ ಇಳಿಜಾರೇ ಆಲ್ಟಿಮೀಟರಿನಿಂದ ಹುಟ್ಟುವುದರಿಂದ ಎಫ್‌ಎಎಫ್ ಮೇಲೆ ಅಂಕಿಗಳು ಅಚ್ಚುಕಟ್ಟಾಗಿ ಹೊಂದುತ್ತವೆ, ಆದರೆ ನಿಜದಲ್ಲಿ 3 ಡಿಗ್ರಿಯ ಬದಲು 3.3 ಡಿಗ್ರಿಯಲ್ಲಿ ಇಳಿಯುತ್ತಿರುತ್ತೀರಿ. ರನ್‌ವೇ ಕಂಡಾಗ ಅದರ ಪಕ್ಕದಲ್ಲಿ ಇಳಿಜಾರಿನ ಕೋನ ತೋರಿಸುವ ನಾಲ್ಕು ಪಾಪಿ (ಪಿಎಪಿಐ) ದೀಪಗಳನ್ನು ನೋಡಿ. 3 ಡಿಗ್ರಿಗೆ ಹೊಂದಿಸಿದ ಪಾಪಿಯಲ್ಲಿ 3 ಡಿಗ್ರಿ 10 ನಿಮಿಷ ದಾಟಿದರೆ ಮೂರನೇ ದೀಪವೂ ಬಿಳಿಯಾಗುತ್ತದೆ. ಮೇ ಮಧ್ಯಾಹ್ನ ಬ್ಯಾರೋ ಇಳಿಜಾರಿನಲ್ಲಿ ಬಂದವರಿಗೆ ಮೂರು ಬಿಳಿ, ಒಂದು ಕೆಂಪು. ಎಲ್‌ಪಿವಿಯಲ್ಲಿ ಬಂದವರಿಗೆ ಎರಡು ಬಿಳಿ, ಎರಡು ಕೆಂಪು. ಎರಡು ಅಳತೆಗಳ ಜಗಳ ಬರಿಗಣ್ಣಿಗೆ ಕಾಣುವ ಜಾಗ ಇದೊಂದೇ.

ಕ್ಯೂಎನ್‌ಎಚ್ ತಪ್ಪಿದರೆ ಏನಾಗುತ್ತದೆ? ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ. 2022ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣದಲ್ಲಿ ಎ320 ವಿಮಾನವೊಂದಕ್ಕೆ 1001ರ ಬದಲು 1011 ಎಂದು ಕ್ಯೂಎನ್‌ಎಚ್ ಹೇಳಲಾಯಿತು. ಅದು ಬ್ಯಾರೋ-ವಿನ್ಯಾವ್ ಹಾರುತ್ತಿತ್ತು, ಇಳಿಜಾರು ಪೂರ್ತಿಯಾಗಿ 280 ಅಡಿ ಕೆಳಗೆ ಸರಿಯಿತು. ಗೋ ಅರೌಂಡ್ ಹೊತ್ತಿಗೆ ರೇಡಿಯೋ ಆಲ್ಟಿಮೀಟರ್ ದಾಖಲಿಸಿದ ಕನಿಷ್ಠ ಎತ್ತರ 6 ಅಡಿ, ರನ್‌ವೇ ಇನ್ನೂ ಮುಂದಿತ್ತು. ಎಲ್‌ಪಿವಿಯಲ್ಲಿ ಇದೇ ತಪ್ಪಾದರೆ ಇಳಿಜಾರು ಸರಿಯಾಗಿ ರನ್‌ವೇಗೇ ಹೋಗುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಡಿಎ ಬರೋಮೀಟರಿನದು. 10 ಹೆಕ್ಟೋಪಾಸ್ಕಲ್ ಹೆಚ್ಚು ಕೂತಿದ್ದರೆ 250 ಅಡಿಯ ಡಿಎ ಬರುವ ಮುಂಚೆಯೇ ನೆಲ ಬರುತ್ತದೆ. ಎಲ್‌ಪಿವಿ ಇದೆಯೆಂದು ಕ್ಯೂಎನ್‌ಎಚ್ ಸಡಿಲ ಬಿಡುವವರು ಅರ್ಧ ಸುರಕ್ಷತೆಯನ್ನು ಕಳೆದುಕೊಂಡಿರುತ್ತಾರೆ. ಎರಡು ಮೂಲಗಳಿಂದ ಕೇಳಿ, ಇಬ್ಬರಿದ್ದರೆ ಇಬ್ಬರೂ ಓದಿ ಹೇಳಿ, ಎಫ್‌ಎಎಫ್ ಮೇಲಿನ ಅಂಕಿಯನ್ನು ಬಿಸಿಲಿನ ಲೆಕ್ಕ ಸೇರಿಸಿ ಹೋಲಿಸಿ.

ಇಳಿಜಾರಿನ ಗೂಟ ಹೊಡೆಯುವುದು ಡೇಟಾಬೇಸ್. ಥ್ರೆಶೋಲ್ಡ್‌ನ ಅಕ್ಷಾಂಶ, ರೇಖಾಂಶ, ಎತ್ತರ, ದಾಟುವ ಎತ್ತರ, ಕೋನ, ಅಗಲ ಎಲ್ಲವೂ ಒಂದು ಸಣ್ಣ ಕಟ್ಟಿನೊಳಗೆ ಬರುತ್ತವೆ, ಜೊತೆಗೆ 32 ಬಿಟ್‌ಗಳ ಒಂದು ತಾಳೆ ಅಂಕಿ. ಒಂದೇ ಒಂದು ಬಿಟ್ ಬದಲಾದರೂ ರಿಸೀವರ್ ಆ ಅಪ್ರೋಚನ್ನು ತಿರಸ್ಕರಿಸುತ್ತದೆ. ಇಷ್ಟು ಕಟ್ಟುನಿಟ್ಟು ಏಕೆ ಎಂಬುದಕ್ಕೆ ನಮ್ಮ ಜಾಗದ್ದೇ ಉದಾಹರಣೆ ಇದೆ. ಈ ಕಟ್ಟಿನೊಳಗಿನ ಎತ್ತರ ಸಮುದ್ರಮಟ್ಟದಿಂದಲ್ಲ, ಡಬ್ಲ್ಯುಜಿಎಸ್-84 ಎಂಬ ಗಣಿತದ ಗೋಳದಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟದ ಮೇಲ್ಮೈ ಆ ಗೋಳಕ್ಕಿಂತ ತುಂಬ ಕೆಳಗಿದೆ, ನಮ್ಮ ಕಡೆ ಸುಮಾರು 80 ಮೀಟರ್. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಬರೆದ ಸಮುದ್ರಮಟ್ಟದ ಎತ್ತರಕ್ಕೂ, ಜಿಪಿಎಸ್‌ನ ಕಚ್ಚಾ ಎತ್ತರ ತೋರಿಸುವ ಮೊಬೈಲ್ ಆಪ್‌ಗೂ ಹೋಲಿಸಿ ನೋಡಿ, ಆಪ್ ಅಷ್ಟು ಕಡಿಮೆ ತೋರಿಸುತ್ತದೆ. ಸರ್ವೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಇಳಿಜಾರು 260 ಅಡಿ ಮೇಲೆ ಕೂರುತ್ತದೆ. ಅದಕ್ಕೇ ಪ್ರಕಟಿಸುವ ಮುಂಚೆ ವಿಮಾನ ಹಾರಿಸಿ ಪರೀಕ್ಷಿಸುತ್ತಾರೆ, ಅದಕ್ಕೇ ಪೈಲಟ್ ಕೈಯಾರೆ ಅಂಕಿ ಕೊಟ್ಟು ಎಲ್‌ಪಿವಿ ಕಟ್ಟಲು ದಾರಿಯೇ ಇಲ್ಲ.

ಪೈಲಟ್ ಮಾಡಬೇಕಾದದ್ದು ಬೇರೆ. ಡೇಟಾಬೇಸ್ 28 ದಿನಗಳ ಚಾಲ್ತಿ ಅವಧಿಯೊಳಗಿದೆಯೇ ನೋಡುವುದು. ಫ್ಲೈಟ್ ಮ್ಯಾನ್ಯುಯಲ್ ಆ ವಿಮಾನಕ್ಕೆ ಎಲ್‌ಪಿವಿ ಒಪ್ಪಿದೆಯೇ ನೋಡುವುದು, ಏಕೆಂದರೆ ಹಳೆಯ ಸಿ129 ದರ್ಜೆಯ ಜಿಪಿಎಸ್ ಇದಕ್ಕೆ ಸಾಲದು, ಸಿ145 ಅಥವಾ ಸಿ146 ದರ್ಜೆ ಬೇಕು. ಗಗನ್ ಬಗ್ಗೆ ನೋಟಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಇದೆಯೇ ಓದುವುದು. ಅಪ್ರೋಚನ್ನು ಹೆಸರಿನಿಂದ ಲೋಡ್ ಮಾಡಿ ಚಾರ್ಟಿನ ಐದಂಕಿಯ ಚಾನೆಲ್ ಸಂಖ್ಯೆ, ಅಂತಿಮ ದಿಕ್ಕು, ಎಫ್‌ಎಎಫ್ ದೂರ, ಕೋನ ತಾಳೆ ನೋಡುವುದು. ಕಂಟ್ರೋಲರ್ ರಾಡಾರ್ ನೋಡಿ ದಿಕ್ಕು (ವೆಕ್ಟರ್) ಕೊಟ್ಟಾಗ ಸರಿಯಾದ ಲೆಗ್ (ಮಾರ್ಗದ ತುಂಡು) ಸಕ್ರಿಯವಾಗಿದೆಯೇ ಎಂದು ನೋಡದೆ ಬಂದರೆ ಎಲ್‌ಪಿವಿ ಅಕ್ಷರ ಕೊನೆಯವರೆಗೂ ಬರುವುದಿಲ್ಲ. ಎಫ್‌ಎಎಫ್‌ಗೆ ಕನಿಷ್ಠ ಎರಡು ಮೈಲಿ ಮುಂಚೆ, 45 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಅಂತಿಮ ಗೆರೆ ಸೇರಿ.

ಸಿಗ್ನಲ್ ಅಡಗಿಸುವ ಜಾಮಿಂಗ್, ಸುಳ್ಳು ಸಿಗ್ನಲ್ ಬಿಡುವ ಸ್ಪೂಫಿಂಗ್ ಬಗ್ಗೆ ಎರಡು ಮಾತು. ಗಗನ್ ಉಪಗ್ರಹದ ತಪ್ಪನ್ನೂ ಅಯಾನುಗೋಳದ ತಪ್ಪನ್ನೂ ತಿದ್ದುತ್ತದೆ. ಹತ್ತಿರದಲ್ಲಿ ಯಾರೋ ಸುಳ್ಳು ಸಿಗ್ನಲ್ ಬಿಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ. ಗಡಿಯಾರ ಜಿಗಿಯುವುದು, ಗ್ರೌಂಡ್ ಸ್ಪೀಡ್ ಹುಚ್ಚುಚ್ಚಾಗುವುದು, ನೆಲದ ರೇಡಿಯೋ ಸಾಧನಗಳಾದ ವಿಓಆರ್ ಅಥವಾ ಡಿಎಂಇ ಜೊತೆ ತಾಳೆಯಾಗದಿರುವುದು ಕಂಡರೆ ಅಪ್ರೋಚ್ ಬಿಟ್ಟು ಕಂಟ್ರೋಲರಿಗೆ ತಿಳಿಸಿ.

ಕೊನೆಗೆ ಗೋ ಅರೌಂಡ್. ನಮ್ಮ ಬಿಸಿಲಿನ ಇನ್ನೊಂದು ಮುಖ ಇಲ್ಲಿದೆ. 1,600 ಅಡಿಯ ನಿಲ್ದಾಣದಲ್ಲಿ 42 ಡಿಗ್ರಿ ಅಂದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ತೆಳುವಿಗೆ ಸಮನಾದ ಎತ್ತರ) ಸುಮಾರು 5,200 ಅಡಿ. 120 ನಾಟ್ ತೋರಿಸುವ ವಿಮಾನ ನಿಜಕ್ಕೂ 130 ನಾಟ್ ಹತ್ತಿರ ಓಡುತ್ತಿರುತ್ತದೆ. ಗಾಳಿಯಿಲ್ಲದಿದ್ದರೆ 3 ಡಿಗ್ರಿಗೆ ನಿಮಿಷಕ್ಕೆ 640 ಅಲ್ಲ, 690 ಅಡಿ ಇಳಿಯಬೇಕು. ಏರುವಾಗ ಎಂಜಿನ್ನಿನ ಬಲ ಕಡಿಮೆ. ಮಿಸ್ಡ್ ಅಪ್ರೋಚಿನ (ಗೋ ಅರೌಂಡ್ ಮಾಡಿದಾಗ ಹಿಡಿಯುವ ದಾರಿಯ) ಸಾಮಾನ್ಯ ಏರಿಕೆ ಶೇಕಡಾ 2.5, ಮೈಲಿಗೆ 152 ಅಡಿ. 100 ನಾಟ್ ನೆಲವೇಗಕ್ಕೆ ನಿಮಿಷಕ್ಕೆ ಸುಮಾರು 250 ಅಡಿ. ಫ್ಲಾಪ್ ಪೂರ್ತಿ ಇಳಿದಿರುವ, ತುಂಬಿದ ಸಣ್ಣ ವಿಮಾನಕ್ಕೆ ಈ ತಾಪದಲ್ಲಿ ಇದೂ ಕಷ್ಟವಾಗಬಹುದು. ಚಾರ್ಟ್ 2.5ಕ್ಕಿಂತ ಹೆಚ್ಚು ಕೇಳಿದ್ದರೆ ಹೊರಡುವ ಮುಂಚೆಯೇ ಮ್ಯಾನ್ಯುಯಲ್ಲಿನ ಕೋಷ್ಟಕ ತೆಗೆದು ನೋಡಿ, ಆಗದಿದ್ದರೆ ಬೆಳಗಿನ ತಂಪಿಗೆ ಹಾರಾಟ ಸರಿಸಿ.

ಡಿಎಯಲ್ಲಿ ಏನೂ ಕಾಣದಿದ್ದರೆ ಮೊದಲು ಪವರ್, ಆಮೇಲೆ ಮೂತಿ, ಆಮೇಲೆ ಫ್ಲಾಪ್. ಜಿಪಿಎಸ್ ಪೆಟ್ಟಿಗೆಗೆ ಕೈ ಹಾಕುವುದು ವಿಮಾನ ಏರುತ್ತಿದೆ ಎಂದು ಖಾತ್ರಿಯಾದ ಮೇಲೆ. ಹಲವು ರಿಸೀವರ್‌ಗಳು ಮಿಸ್ಡ್ ಅಪ್ರೋಚ್ ಪಾಯಿಂಟ್‌ನಲ್ಲಿ ಮುಂದಿನ ಲೆಗ್‌ಗೆ ತಾವಾಗಿ ಹೋಗುವುದಿಲ್ಲ, ಸಸ್ಪೆಂಡ್ ಆಗಿ ಕೂರುತ್ತವೆ. ಗೋ ಅರೌಂಡ್ ಗುಂಡಿಯನ್ನೋ ಸಸ್ಪೆಂಡ್ ಗುಂಡಿಯನ್ನೋ ಒತ್ತಿದರೆ ಮಾತ್ರ ಮುಂದಿನ ದಾರಿ ತೋರಿಸುತ್ತವೆ. ನಿಮ್ಮ ವಿಮಾನದಲ್ಲಿ ಅದು ಯಾವ ಗುಂಡಿ ಎಂಬುದನ್ನು ನೆಲದ ಮೇಲೆ, ಎಂಜಿನ್ ಆಫ್ ಇರುವಾಗಲೇ ಬೆರಳಿಟ್ಟು ನೋಡಿಕೊಳ್ಳಿ.